ಭಕ್ತಿಚಿತ್ರದಲ್ಲಿ ರೇಖೆಯ ಸತ್ಯ

ದೇವರ ಚಿತ್ರವನ್ನು ಬರೆಯತಕ್ಕವನು ನೋಡುವವನ ಕಣ್ಣನ್ನು ವಂಚಿಸಬಹುದೇ ಎಂಬುದು ಮೇಲ್ನೋಟಕ್ಕೆ ಚಿತ್ರಕಾರರಿಗೆ ಮಾತ್ರ ಸೇರಿದ ಪ್ರಶ್ನೆಯೆಂದು ತೋರಬಹುದು. ವಾಸ್ತವವಾಗಿ ಅದು ಅಷ್ಟು ಸಣ್ಣ ಪ್ರಶ್ನೆಯಲ್ಲ. ಭಕ್ತಿಯು ಸತ್ಯವನ್ನು ಬೇಡುವ ಭಾವ. ಚಿತ್ರವಾದರೋ ಸಮತಟ್ಟಾದ ಕಾಗದದಲ್ಲಿ ಆಳವನ್ನೂ, ಕಪ್ಪು ಮಸಿಯಲ್ಲಿ ಬೆಳಕನ್ನೂ, ನಿರ್ಜೀವವಾದ ಗೆರೆಯಲ್ಲಿ ಪ್ರಾಣವನ್ನೂ ಇರುವಂತೆ ತೋರಿಸಿ ಬದುಕುವ ವಿದ್ಯೆ. ಇವೆರಡೂ ಒಂದೇ ಪಟದ ಮೇಲೆ ಕೂಡುವುದಾದರೆ ಯಾವುದು ಯಾವುದಕ್ಕೆ ತಲೆಬಾಗಬೇಕು? ದೇವರ ಕೋಣೆಯಲ್ಲಿ ಪಟವನ್ನಿಟ್ಟು ಕೈಮುಗಿಯುವ ಪ್ರತಿಯೊಂದು ಕುಟುಂಬಕ್ಕೂ ಈ ವಿಚಾರವು ಸಂಬಂಧಿಸಿದುದೇ ಆಗಿದೆ. ಬೀದರದವರಿಗಂತೂ ಅದು ಮನೆಯ ಮಾತು. ಏಕೆಂದರೆ ಲೋಹದ ಮೇಲೆ ಗೆರೆ ಕೊರೆಯುವ ಕಸುಬೊಂದು ಆ ಊರಿನ ಹೆಸರನ್ನೇ ಹೊತ್ತು ಲೋಕವನ್ನೆಲ್ಲ ಸುತ್ತುತ್ತಿದೆ.

ಬಿದರಿಯ ಕೆಲಸವನ್ನು ಹತ್ತಿರದಿಂದ ಕಂಡವರಿಗೆ ಅದರ ಕ್ರಮ ತಿಳಿದಿರುವುದಷ್ಟೆ. ಸತುವಿಗೆ ಅಲ್ಪಾಂಶ ತಾಮ್ರವನ್ನು ಬೆರೆಸಿ, ಮಣ್ಣಿನ ಅಚ್ಚಿನಲ್ಲಿ ಎರಕ ಹೊಯ್ದು, ಅರದಿಂದ ಉಜ್ಜಿ ನಯಮಾಡಿದ ಪಾತ್ರೆಗೆ ಮೈಲುತುತ್ತದ ನೀರನ್ನು ಬಳಿಯುತ್ತಾರೆ. ಆಗ ಅದರ ಮೈ ಸ್ವಲ್ಪ ಕಾಲದ ಮಟ್ಟಿಗೆ ಕಪ್ಪಾಗುತ್ತದೆ. ಆ ಕಪ್ಪಿನ ಮೇಲೆ ಕುಶಲಿಯು ಚೂಪಾದ ಮೊನೆಯಿಂದ, ಅಳತೆಗೋಲಿನ ಹಂಗಿಲ್ಲದೆ, ಬಳ್ಳಿಯನ್ನೋ ಹೂವನ್ನೋ ಎಳೆಯುತ್ತಾನೆ. ಅನಂತರ ಸಣ್ಣ ಉಳಿಯಿಂದ ಆ ಗೆರೆಯನ್ನು ಕಾಲುವೆಯಂತೆ ಕೊರೆದು, ಬೆಳ್ಳಿಯ ತಂತಿಯನ್ನು ಅದರೊಳಗಿಟ್ಟು ಸುತ್ತಿಗೆಯಿಂದ ತಟ್ಟಿ ಕೂರಿಸುತ್ತಾನೆ. ಕಟ್ಟಕಡೆಗೆ ಬೀದರ ಕೋಟೆಯ ಹಳೆಯ ಮಣ್ಣನ್ನು ನವಸಾಗರದೊಡನೆ ಕಲಸಿ, ಮೆಲ್ಲಗೆ ಕಾಯಿಸಿದ ಪಾತ್ರೆಗೆ ತಿಕ್ಕಿದಾಗ ಸತುವಿನ ಮೈಯೆಲ್ಲ ಇದ್ದಲಿನಂತೆ ಕಪ್ಪಾಗಿ ಬೆಳ್ಳಿ ಮಾತ್ರ ಬಣ್ಣಗೆಡದೆ ಉಳಿಯುತ್ತದೆ. ತಂತಿಯ ಕೆಲಸಕ್ಕೆ ತಾರಕಶಿಯೆಂದೂ, ತಗಡನ್ನು ಆಳವಾಗಿ ಕೂರಿಸುವುದಕ್ಕೆ ತಹನಿಶಾನ್ ಎಂದೂ ಹೆಸರು. ಈ ಕಸುಬಿಗೆ ೨೦೦೬ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ೨೦೨೩ರಲ್ಲಿ ಬೀದರದ ಶಾಹ್ ರಶೀದ್ ಅಹಮದ್ ಖಾದ್ರಿಯವರಿಗೆ ಪದ್ಮಶ್ರೀ ಪ್ರಶಸ್ತಿ ಬಂದಿತು.

ಈ ಉಳಿಗೆ ದೂರದೇಶದಲ್ಲಿ ಒಬ್ಬ ಸೋದರನುಂಟು. ಯೂರೋಪಿನ ಕೆತ್ತನೆಗಾರನು ನಯವಾದ ತಾಮ್ರದ ತಗಡನ್ನು ಮರಳು ತುಂಬಿದ ದಿಂಬಿನ ಮೇಲಿಟ್ಟು, ನಾಲ್ಕು ಮೂಲೆಯ ಉಕ್ಕಿನ ಕೊರೆಮೊನೆಯನ್ನು ಅಂಗೈಯಿಂದ ಮುಂದಕ್ಕೆ ತಳ್ಳುತ್ತಾನೆ. ಗೆರೆ ಬಾಗಬೇಕಾದರೆ ಅವನು ಕೈಯನ್ನು ತಿರುಗಿಸುವುದಿಲ್ಲ, ತಗಡನ್ನೇ ತಿರುಗಿಸುತ್ತಾನೆ. ಮೊನೆ ಆಳಕ್ಕಿಳಿದರೆ ಗೆರೆ ದಪ್ಪ, ಮೇಲೆ ತೇಲಿದರೆ ಸಣ್ಣ. ಕೊರೆದು ಮುಗಿದ ತಗಡಿಗೆ ಮಸಿ ತುಂಬಿ, ಮೈಯನ್ನು ಒರೆಸಿ, ತೇವದ ಕಾಗದವನ್ನಿಟ್ಟು ಉರುಳೆಯ ಯಂತ್ರದಲ್ಲಿ ಒತ್ತಿದರೆ ಕಾಲುವೆಯೊಳಗಿನ ಮಸಿ ಕಾಗದಕ್ಕೆ ಏರುತ್ತದೆ. ಅಲ್ಲಿ ಕೊರೆದ ಸ್ಥಳವೇ ಕಪ್ಪು, ಕೊರೆಯದ ಸ್ಥಳವೇ ಬೆಳಕು. ಬಿದರಿಯಲ್ಲಿ ಇದು ತಿರುಗುಮುರುಗು: ಕೊರೆದ ಸ್ಥಳಕ್ಕೇ ಬೆಳ್ಳಿ, ಕೊರೆಯದ ಬಯಲಿಗೇ ಕತ್ತಲೆ. ಇಬ್ಬರೂ ಒಂದೇ ಕೆಲಸ ಮಾಡುತ್ತಾರೆ. ಒಬ್ಬನು ಗಾಯಕ್ಕೆ ಮಸಿ ತುಂಬುತ್ತಾನೆ, ಇನ್ನೊಬ್ಬನು ಬೆಳ್ಳಿ ತುಂಬುತ್ತಾನೆ.

ಈ ಎರಡು ಪ್ರಪಂಚಗಳು ಪರಸ್ಪರ ಅಪರಿಚಿತವಾಗಿಯೇ ಇದ್ದುವೆಂದು ಭಾವಿಸಬಾರದು. ಗೋವೆಯಿಂದ ಹೊರಟ ಜೆಸ್ವಿಟ್ ಪಾದ್ರಿಗಳು ೧೫೮೦ರಲ್ಲಿ ಆಂಟ್‌ವರ್ಪ್ ನಗರದಲ್ಲಿ ಅಚ್ಚಾದ ಬಹುಭಾಷಾ ಬೈಬಲ್ಲಿನ ಸಂಪುಟಗಳನ್ನು ಅಕ್ಬರನಿಗೆ ಫತೇಪುರ ಸಿಕ್ರಿಯಲ್ಲಿ ಒಪ್ಪಿಸಿದರು. ಅವುಗಳ ಕೆತ್ತನೆಯ ಚಿತ್ರಗಳನ್ನು ಅರಮನೆಯ ಚಿತ್ರಕಾರರು ಆಸಕ್ತಿಯಿಂದ ಪ್ರತಿಮಾಡಿದರು. ದಖ್ಖನಿನಲ್ಲಿಯೂ ಅಂತಹ ಮುದ್ರಿತ ಚಿತ್ರಗಳು ಹರಡಿದುವು. ಬಿಜಾಪುರದ ಎರಡನೆಯ ಇಬ್ರಾಹಿಂ ಆದಿಲಶಾಹನ ಆಸ್ಥಾನದಲ್ಲಿ ಹಾರ್ಲೆಂ ಪಟ್ಟಣದ ಡಚ್ಚರ ಚಿತ್ರಕಾರ ಕಾರ್ನೆಲಿಸ್ ಕ್ಲಾಸ್ ಹೇಡಾ ಎಂಬವನೇ ಸೇವೆಯಲ್ಲಿದ್ದನು. ೧೬೧೯ರಲ್ಲಿ ಬರೀದಶಾಹಿಯನ್ನು ಕೊನೆಗಾಣಿಸಿ ಬೀದರವನ್ನು ಬಿಜಾಪುರಕ್ಕೆ ಸೇರಿಸಿಕೊಂಡವನೂ ಈ ಇಬ್ರಾಹಿಮನೇ. ಕುತೂಹಲದ ಸಂಗತಿಯೆಂದರೆ, ಹೀಗೆ ಯೂರೋಪಿನ ಆಳದ ಚಿತ್ರಕ್ರಮ ದಖ್ಖನಿನ ಆಸ್ಥಾನದವರೆಗೆ ಬಂದರೂ ಬಿದರಿಯ ಉಳಿ ಅದನ್ನು ತನ್ನದಾಗಿ ಮಾಡಿಕೊಳ್ಳಲಿಲ್ಲ. ಹುಕ್ಕದ ಬುಡದ ಮೇಲೆ ಅದು ಬಿಡಿಸಿದ್ದು ಅದೇ ಬಳ್ಳಿ, ಅದೇ ನಕ್ಷತ್ರ, ಅದೇ ಅಶರ್ಫಿಬೂಟಿ. ಇದನ್ನು ಅಜ್ಞಾನವೆನ್ನುವುದು ಸುಲಭ; ಬೇಡವೆಂಬ ವಿವೇಕವಿದ್ದಿರಬಹುದೆನ್ನುವುದು ನ್ಯಾಯ. ದುಂಡಾದ ಪಾತ್ರೆಗೆ ಒಂದೇ ಎದುರು ಎಂಬುದಿಲ್ಲ. ಅದನ್ನು ಕೈಯಲ್ಲಿ ತಿರುಗಿಸಿ ನೋಡುತ್ತಾರೆ. ಒಂದೇ ಕಡೆಯಿಂದ ನೋಡತಕ್ಕ ಚಿತ್ರಕ್ಕೆ ಅಲ್ಲಿ ಎಡೆಯೆಲ್ಲಿ?

ಇಲ್ಲಿ ರೇಖೆಗೂ ಯಥಾದರ್ಶನಕ್ಕೂ ಇರುವ ಭೇದವನ್ನು ತಿಳಿಯುವುದು ಅವಶ್ಯಕ. ಹತ್ತಿರದ್ದು ದೊಡ್ಡದಾಗಿಯೂ ದೂರದ್ದು ಸಣ್ಣದಾಗಿಯೂ ಕಾಣುವುದನ್ನು ಗಣಿತದಿಂದ ಅಳೆದು, ಹಿಂದಕ್ಕೆ ಸರಿಯುವ ಸಮಾನಾಂತರ ರೇಖೆಗಳೆಲ್ಲ ಒಂದು ಬಿಂದುವಿನಲ್ಲಿ ಕೂಡುವಂತೆ ಬರೆಯುವ ವಿಧಾನಕ್ಕೆ ಯಥಾದರ್ಶನವೆನ್ನಬಹುದು. ಶಾಲೆಯ ಚಿತ್ರಪಾಠದಲ್ಲಿ ಮಕ್ಕಳು ರೈಲುಹಳಿಯನ್ನೂ ಅದರ ಬದಿಯ ತಂತಿಕಂಬಗಳನ್ನೂ ಬರೆಯುವಾಗ ಕಲಿಯುವುದು ಇದನ್ನೇ. ಇಟಲಿಯಲ್ಲಿ ಆಲ್ಬೆರ್ಟಿಯು ೧೪೩೫ರಲ್ಲಿ ಇದಕ್ಕೆ ಶಾಸ್ತ್ರವನ್ನು ಬರೆದನು. ಈ ದೇಶದಲ್ಲಿ ಇದರ ಸುಳಿವೇ ಇರಲಿಲ್ಲವೆಂದು ಹೇಳುವವರು ವಿಷ್ಣುಧರ್ಮೋತ್ತರದ ಮೂರನೆಯ ಖಂಡದ ಚಿತ್ರಸೂತ್ರವನ್ನು ನೋಡಿದವರಲ್ಲ. ದೇಹವು ತಿರುಗಿದಂತೆಲ್ಲ ಅಂಗಗಳು ಕುಗ್ಗಿಯೂ ಹಿಗ್ಗಿಯೂ ಕಾಣುವುದಕ್ಕೆ ಅಲ್ಲಿ ಕ್ಷಯವೃದ್ಧಿಯೆಂಬ ಹೆಸರಿದೆ. ನಿಲುವಿನ ಒಂಬತ್ತು ಸ್ಥಾನಗಳ ಲಕ್ಷಣವಿದೆ. ಎಲೆಯ ನರದಂತಹ ಗೆರೆಗಳಿಂದ ಹಾಕುವ ಪತ್ರಜ, ಚುಕ್ಕೆಗಳಿಂದ ಹಾಕುವ ಬಿಂದುಜ ಮೊದಲಾದ ಮೂರು ವಿಧದ ವರ್ತನೆ, ಅಂದರೆ ನೆರಳುಗಾರಿಕೆ, ಇದೆ. ಆದರೆ ಚಿತ್ರದ ಸಮಸ್ತ ಪ್ರಪಂಚವನ್ನೂ ಒಬ್ಬ ನೋಟಕನ ಒಂದೇ ಕಣ್ಣಿಗೆ ಕಟ್ಟಿಹಾಕುವ ನಿಯಮ ಅಲ್ಲಿಲ್ಲ. ಆಚಾರ್ಯರಾದವರು ಮೆಚ್ಚುವುದು ರೇಖೆಯನ್ನು ಎಂಬುದು ಆ ಗ್ರಂಥದ ಅಭಿಪ್ರಾಯ. ಬಣ್ಣದ ವೈಭವ ಅದಕ್ಕೆ ಕೊನೆಯ ಮಾತು.

ಹದಿನೇಳನೆಯ ಶತಮಾನದ ಯೂರೋಪಿನಲ್ಲಿ, ಬರೋಕ್ ಎಂದು ಹೆಸರಾದ ಕಾಲದಲ್ಲಿ, ಧರ್ಮಚಿತ್ರವು ಜನರ ಮನಸ್ಸನ್ನು ಬಲವಾಗಿ ಸೆಳೆಯಬೇಕೆಂಬ ಆಶೆ ಅತಿಯಾಗಿ ಬೆಳೆಯಿತು. ಆಗ ಯಥಾದರ್ಶನವು ಎಲ್ಲಿಗೆ ಮುಟ್ಟಿತೆಂಬುದಕ್ಕೆ ಆಂದ್ರೇಯಾ ಪೋತ್ಸೋ ಎಂಬವನೇ ಸಾಕ್ಷಿ. ಈತನು ಜೆಸ್ವಿಟ್ ಸಂಘದ ಸೋದರ, ಮಹಾ ಗಣಿತಜ್ಞ ಚಿತ್ರಕಾರ. ರೋಮಿನ ಸಂತ ಇಗ್ನೇಷಿಯಸ್ಸನ ಮಂದಿರಕ್ಕೆ ಕಟ್ಟಬೇಕೆಂದಿದ್ದ ಗುಮ್ಮಟವನ್ನು ಕಟ್ಟಲಿಲ್ಲ. ೧೬೮೫ರಲ್ಲಿ ಪೋತ್ಸೋ ಸುಮಾರು ೧೭ ಮೀಟರು ಅಗಲದ ಬಟ್ಟೆಯ ಮೇಲೆ ಗುಮ್ಮಟವನ್ನು ಬರೆದು ಆ ಸ್ಥಳಕ್ಕೆ ಏರಿಸಿದನು. ಕೆಳಗಿನಿಂದ ನೋಡಿದವರಿಗೆ ಕಂಬಗಳು, ಕಮಾನುಗಳು, ಆಕಾಶಕ್ಕೆ ತೆರೆದ ಕಿಂಡಿ ಎಲ್ಲವೂ ಇದ್ದುವು. ಮುಟ್ಟುವುದಾದರೆ ಚಪ್ಪಟೆಯಾದ ಬಟ್ಟೆ. ೧೬೯೪ರ ವೇಳೆಗೆ ಮುಗಿದ ಪಕ್ಕದ ಮೇಲ್ಛಾವಣಿಯಲ್ಲಿ ಗೋಡೆಗಳೇ ಆಕಾಶದವರೆಗೆ ಬೆಳೆದು ಸಂತನು ಸ್ವರ್ಗಕ್ಕೇರುವುದನ್ನು ತೋರಿಸಿದನು. ಅದನ್ನು ಎಲ್ಲಿ ನಿಂತು ನೋಡಬೇಕೆಂಬುದಕ್ಕೆ ನೆಲದಲ್ಲಿ ದುಂಡಾದ ಅಮೃತಶಿಲೆಯ ಬಿಲ್ಲೆಯೊಂದನ್ನು ಹುದುಗಿಸಿದೆ. ಅಲ್ಲಿ ನಿಂತರೆ ಸ್ವರ್ಗ. ಹತ್ತು ಹೆಜ್ಜೆ ಸರಿದರೆ ಕಂಬಗಳೆಲ್ಲ ಕುಡಿದವರಂತೆ ವಾಲುತ್ತವೆ.

ಪೋತ್ಸೋ ಇದನ್ನು ಅರಿಯದವನಲ್ಲ. ೧೬೯೩ರಲ್ಲಿ ಮೊದಲ ಸಂಪುಟವು ಹೊರಬಂದ ಅವನ ಯಥಾದರ್ಶನಶಾಸ್ತ್ರವು ತಾಮ್ರದ ಕೆತ್ತನೆಯ ಚಿತ್ರಗಳಿಂದ ತುಂಬಿದ ಗ್ರಂಥ. ಎಲ್ಲ ರೇಖೆಗಳನ್ನೂ ಒಂದೇ ಬಿಂದುವಿಗೆ ಎಳೆಯಿರಿ, ಆ ಬಿಂದು ದೇವರ ಮಹಿಮೆಯಾಗಿರಲಿ ಎಂದು ಅವನು ಶಿಷ್ಯರಿಗೆ ಉಪದೇಶಿಸುತ್ತಾನೆ. ಕಂಬ ವಾಲುತ್ತದೆಂದು ಆಕ್ಷೇಪಿಸಿದವರಿಗೆ ಅವನ ಸಮಾಧಾನವೂ ಅಲ್ಲಿಯೇ ಇದೆ: ಯಥಾದರ್ಶನವೆಂಬುದು ಸತ್ಯದ ಅನುಕರಣ ಮಾತ್ರ; ಗೊತ್ತುಮಾಡಿದ ಒಂದು ಸ್ಥಳದಿಂದ ಸರಿಯಾಗಿ ಕಂಡರೆ ಸಾಕು, ಎಲ್ಲ ಕಡೆಯಿಂದಲೂ ಹಾಗೆಯೇ ಕಾಣಿಸುವ ಹೊಣೆ ಚಿತ್ರಕಾರನಿಗಿಲ್ಲ. ಉತ್ತರವು ಪ್ರಾಮಾಣಿಕವಾದುದೇ. ಆದರೆ ಆ ಉಪದೇಶವನ್ನೂ ಈ ಸಮಾಧಾನವನ್ನೂ ಒಟ್ಟಿಗೆ ಇಟ್ಟುಕೊಂಡರೆ ತೊಡಕು ತಲೆದೋರುತ್ತದೆ. ದೇವರ ಮಹಿಮೆಯು ಒಂದು ಬಿಲ್ಲೆಯ ಮೇಲೆ ನಿಂತವನಿಗೆ ಮಾತ್ರ ನೆಟ್ಟಗೆ ಕಾಣತಕ್ಕದ್ದೇ? ಮಂದಿರದ ಮೂಲೆಯಲ್ಲಿ, ಕಂಬದ ಮರೆಯಲ್ಲಿ ನಿಂತ ಬಡವಿಗೆ ಅದೇ ಸ್ವರ್ಗವು ಕುಸಿದು ಬೀಳುವಂತೆ ಏಕೆ ಕಾಣಬೇಕು?

ಚಿತ್ರವೆಲ್ಲ ಸುಳ್ಳೇ ಅಲ್ಲವೆ, ಹಾಗಿರುವಾಗ ಪೋತ್ಸೋ ಒಬ್ಬನನ್ನೇ ದೂರುವುದೇಕೆ ಎಂದು ಯಾರಾದರೂ ಕೇಳಬಹುದು. ಈ ಪ್ರಶ್ನೆಗೆ ಅಲಂಕಾರಶಾಸ್ತ್ರದಲ್ಲಿ ಶ್ರೀಶಂಕುಕನು ಹೇಳಿದ ಚಿತ್ರತುರಗನ್ಯಾಯವು ತಕ್ಕ ಉತ್ತರ. ರಂಗದ ಮೇಲಿನ ನಟನನ್ನು ರಾಮನೆಂದು ತಿಳಿಯುವ ಜ್ಞಾನವು ಯಾವ ಬಗೆಯದು? ಅದು ಯಥಾರ್ಥಜ್ಞಾನವಲ್ಲ, ಮಿಥ್ಯಾಜ್ಞಾನವೂ ಅಲ್ಲ, ಸಂಶಯವಲ್ಲ, ಬರಿಯ ಸಾದೃಶ್ಯಜ್ಞಾನವೂ ಅಲ್ಲ. ಬರೆದ ಕುದುರೆಯನ್ನು ನೋಡಿ ಮಗುವು ಕುದುರೆ ಎನ್ನುತ್ತದಲ್ಲ, ಆ ಬಗೆಯದು. ಆ ಮಗು ಚಿತ್ರದ ಕುದುರೆಗೆ ಹುಲ್ಲು ತಂದು ಹಾಕುವುದಿಲ್ಲ, ಹಾಕದಿದ್ದುದಕ್ಕೆ ಮೋಸಹೋದೆನೆಂದು ಅಳುವುದೂ ಇಲ್ಲ. ಹಗ್ಗದಲ್ಲಿ ಹಾವನ್ನು ಕಂಡವನ ಸ್ಥಿತಿ ಹೀಗಲ್ಲ. ದೀಪ ಬಂದೊಡನೆ ಅವನ ಹಾವು ಬಾಧಿತವಾಗುತ್ತದೆ, ಮತ್ತೆ ಎಷ್ಟು ಬೇಡಿದರೂ ಬರುವುದಿಲ್ಲ. ಚಿತ್ರದ ಕುದುರೆಗೆ ಬಾಧೆಯಿಲ್ಲ. ದೀಪ ತಂದಷ್ಟೂ ಅದು ಚೆನ್ನಾಗಿಯೇ ಕಾಣುತ್ತದೆ.

ಈ ಒರೆಗಲ್ಲಿಗೆ ಪೋತ್ಸೋವಿನ ಬಟ್ಟೆಯ ಗುಮ್ಮಟವನ್ನು ತಿಕ್ಕಿದರೆ ಅದು ಕುದುರೆಯ ಪಕ್ಷಕ್ಕಿಂತ ಹಾವಿನ ಪಕ್ಷಕ್ಕೇ ಹತ್ತಿರವೆಂದು ಒಪ್ಪಬೇಕಾಗುತ್ತದೆ. ಅದರ ಸೊಗಸೆಲ್ಲ ನೋಡುವವನು ಅರೆಕ್ಷಣ ನಿಜವೆಂದು ನಂಬುವುದರಲ್ಲಿದೆ. ನಾಲ್ಕು ಹೆಜ್ಜೆ ನಡೆದೊಡನೆ ಬಾಧೆ. ಉಳಿಯುವುದು ಚಿತ್ರಕಾರನ ಚಾತುರ್ಯದ ಮೆಚ್ಚಿಕೆ. ಅದು ದೊಡ್ಡ ವಸ್ತುವೇ, ಆದರೆ ಗುಡಿಗೆ ಬಂದವನು ಅದಕ್ಕಾಗಿ ಬಂದವನಲ್ಲ.

ಒಳ್ಳೆಯ ಉದ್ದೇಶಕ್ಕಾಗಿ ಕಣ್ಣಿಗೆ ಒಂದನ್ನು ತೋರಿಸಿ ಒಳಗೆ ಮತ್ತೊಂದನ್ನು ನಡೆಸುವುದು ಎಂದಿಗೂ ತಪ್ಪೇ ಎಂದು ಭಾಲ್ಕಿಯವರನ್ನು ಕೇಳಿದರೆ ಅವರು ಸುಲಭವಾಗಿ ಹೌದೆನ್ನಲಾರರು. ನಿಜಾಮರ ಆಳ್ವಿಕೆಯಲ್ಲಿ ಕನ್ನಡ ಕಲಿಸುವುದು ಕಷ್ಟವಾಗಿದ್ದ ದಿನಗಳಲ್ಲಿ ಭಾಲ್ಕಿ ಹಿರೇಮಠದ ಡಾಕ್ಟರ್ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕವನ್ನು ತೂಗಹಾಕಿ ಒಳಗೆ ಕನ್ನಡ ಪಾಠವನ್ನು ಹೇಳಿಸಿದ ಸಂಗತಿ ಆ ಸೀಮೆಯಲ್ಲಿ ಜನಜನಿತವಾಗಿದೆ. ಔರಾದ ಸೀಮೆಯ ಕಮಲನಗರದಲ್ಲಿ ಹುಟ್ಟಿದ ಆ ಹಿರಿಯರು ಫಲಕದ ವಿಷಯದಲ್ಲಿ ಪೋತ್ಸೋವಿನಂತೆಯೇ ನಡೆದುಕೊಂಡರೆಂದು ತಾರ್ಕಿಕನೊಬ್ಬ ಹೇಳಬಹುದು. ಆದರೆ ಯಾರ ಕಣ್ಣನ್ನು ವಂಚಿಸಿದ್ದು ಎಂಬುದನ್ನು ನೋಡಬೇಡವೆ? ಫಲಕವು ತಪಾಸಣೆಗೆ ಬರುವ ಅಧಿಕಾರಿಗಾಗಿ ಇತ್ತು. ಒಳಗೆ ಕುಳಿತ ಮಗುವಿಗೆ ಯಾವ ಭ್ರಮೆಯೂ ಇರಲಿಲ್ಲ. ತಾನು ಓದುವುದು ಕನ್ನಡವೆಂದು ಅದು ಬಲ್ಲುದು. ಭಕ್ತಿಚಿತ್ರದಲ್ಲಿ ವಂಚಿತನಾಗತಕ್ಕವನು ಭಕ್ತನೇ, ಅಂದರೆ ಒಳಗೆ ಕುಳಿತ ಮಗುವೇ. ಆದುದರಿಂದ ಈ ಎರಡನ್ನು ಒಂದೇ ತಕ್ಕಡಿಯಲ್ಲಿ ತೂಗಲಾಗದು.

ಹಾಗೆಂದು ಬರೋಕ್ ಕಾಲದ ಧರ್ಮಚಿತ್ರವನ್ನೆಲ್ಲ ಒಂದೇ ಮಾತಿನಲ್ಲಿ ತಳ್ಳಿಬಿಡುವುದು ಅನ್ಯಾಯವಾದೀತು. ಅದೇ ಶತಮಾನದ ಫ್ರಾನ್ಸಿನಲ್ಲಿ ಕ್ಲೋದ್ ಮೆಲ್ಲಾನ್ ಎಂಬ ಕೆತ್ತನೆಗಾರನಿದ್ದನು. ಅವನ ಕಾಲ ೧೫೯೮ರಿಂದ ೧೬೮೮. ಇತರರು ನೆರಳನ್ನು ತರುವುದಕ್ಕೆ ಗೆರೆಯ ಮೇಲೆ ಗೆರೆಯನ್ನು ಅಡ್ಡಲಾಗಿ ಎಳೆದು ಜಾಲವನ್ನು ಹೆಣೆಯುತ್ತಿದ್ದಾಗ, ಈತನು ಒಂದರ ಪಕ್ಕದಲ್ಲೊಂದು ಗೆರೆಯನ್ನೆಳೆದು, ಬೇಕಾದಲ್ಲಿ ಅದನ್ನು ದಪ್ಪಮಾಡಿಯೇ ನೆರಳನ್ನು ಸಾಧಿಸುತ್ತಿದ್ದನು. ೧೬೪೯ರಲ್ಲಿ ಅವನು ವೆರೋನಿಕಾಳ ವಸ್ತ್ರವನ್ನು ಕೆತ್ತಿದನು. ಶಿಲುಬೆಯನ್ನು ಹೊತ್ತು ಹೋಗುತ್ತಿದ್ದ ಯೇಸುವಿನ ಮುಖವನ್ನು ಹೆಂಗಸೊಬ್ಬಳು ತನ್ನ ವಸ್ತ್ರದಿಂದ ಒರೆಸಿದಾಗ ಆ ಮುಖವೇ ಅದರಲ್ಲಿ ಮೂಡಿತೆಂಬುದು ಕ್ರೈಸ್ತರ ಐತಿಹ್ಯ. ಮೆಲ್ಲಾನನು ಆ ಮುಖದ ಮೂಗಿನ ತುದಿಯಲ್ಲಿ ಕೊರೆಮೊನೆಯನ್ನಿಟ್ಟು, ಅಲ್ಲಿಂದ ಸುರುಳಿಯಾಗಿ ಸುತ್ತುತ್ತ, ಒಂದೇ ಒಂದು ಗೆರೆಯಿಂದ ಇಡೀ ಚಿತ್ರವನ್ನು ಮುಗಿಸಿದ್ದಾನೆ. ಕಣ್ಣು, ಕೆನ್ನೆ, ಮುಳ್ಳಿನ ಕಿರೀಟ, ಹಣೆಯಿಂದಿಳಿದ ರಕ್ತದ ಹನಿ, ವಸ್ತ್ರದ ನೆರಿಗೆ, ಎಲ್ಲವೂ ಆ ಸುರುಳಿಯೇ ಉಬ್ಬಿಯೂ ಸಣ್ಣಗಾಗಿಯೂ ಆದ ರೂಪಗಳು. ಒಂದು ಗೆರೆ ಇನ್ನೊಂದನ್ನು ಎಲ್ಲಿಯೂ ದಾಟುವುದಿಲ್ಲ.

ಇದನ್ನು ಬರಿಯ ಕೈಚಳಕವೆಂದು ಹೀಯಾಳಿಸಿದವರೂ ಉಂಟು. ಆ ಮಾತಿನಲ್ಲಿ ಸ್ವಲ್ಪ ನಿಜವೂ ಉಂಟು. ಆದರೆ ಚಿತ್ರವನ್ನು ಎದುರಿಗಿಟ್ಟುಕೊಂಡು ನೋಡಿದರೆ ಬೇರೊಂದು ಸಂಗತಿ ಹೊಳೆಯುತ್ತದೆ. ದೂರದಿಂದ ಮುಖ, ಹತ್ತಿರ ಹೋದಂತೆ ಮುಖವು ಕರಗಿ ಗೆರೆ. ಮತ್ತೆ ಹಿಂದೆ ಸರಿದರೆ ಮುಖ. ಇಲ್ಲಿ ಬಾಧೆಯೆಂಬುದಿಲ್ಲ. ಗೆರೆಯನ್ನು ಕಂಡವನಿಗೆ ಮುಖವು ಸುಳ್ಳಾಗುವುದಿಲ್ಲ, ಮುಖವನ್ನು ಕಂಡವನಿಗೆ ಗೆರೆ ಮರೆಯಾಗುವುದಿಲ್ಲ. ಮಡಕೆಯು ಮಣ್ಣೆಂದು ತಿಳಿದವನು ಮಡಕೆಯಲ್ಲಿ ನೀರು ತರುವುದನ್ನು ಬಿಡುವನೆ? ಕಾರ್ಯವನ್ನು ಕಾರಣದಿಂದ ಬೇರೆಯಲ್ಲವೆಂದು ತೋರಿಸುವುದಕ್ಕೆ ಉಪನಿಷತ್ತಿನಲ್ಲಿ ಆರುಣಿಯು ಶ್ವೇತಕೇತುವಿಗೆ ಮಣ್ಣಿನ ದೃಷ್ಟಾಂತವನ್ನು ಹೇಳಿದನು. ಆ ಋಷಿಯ ಕೈಗೆ ಮೆಲ್ಲಾನನ ಪಟ ಸಿಕ್ಕಿದ್ದರೆ ಮಣ್ಣಿನ ಉಂಡೆಯನ್ನು ಹುಡುಕಬೇಕಾಗಿರಲಿಲ್ಲ. ಇನ್ನೂ ಒಂದು ಮಾತು: ಈ ಚಿತ್ರದಲ್ಲಿ ಮುಖವಿರುವುದು ವಸ್ತ್ರದ ಮೇಲೆ. ವಸ್ತ್ರವು ಸಹಜವಾಗಿಯೇ ಸಮತಟ್ಟಾದುದು. ಆದ್ದರಿಂದ ಚಿತ್ರಕಾರನು ಆಳವನ್ನು ಕಲ್ಪಿಸಬೇಕಾದ, ಕಾಗದವನ್ನು ಕಿಟಕಿಯೆಂದು ನಂಬಿಸಬೇಕಾದ ಅವಶ್ಯಕತೆಯೇ ಬೀಳಲಿಲ್ಲ.

ಈಗ ಕಲ್ಯಾಣದ ಕಡೆಗೆ ತಿರುಗಬೇಕು. ಬೀದರ, ಭಾಲ್ಕಿ, ಔರಾದ ಕಡೆಯ ಶರಣರ ಮನೆಗಳಲ್ಲಿ ಅನುಭವಮಂಟಪದ ಅಚ್ಚಿನ ಪಟವು ಅಪರೂಪವಲ್ಲ. ಇಂತಹ ಪಟಗಳಲ್ಲಿ ಸಾಮಾನ್ಯವಾಗಿ ಎರಡು ಕಡೆಯೂ ಶರಣಶರಣೆಯರ ಸಾಲು, ಹಿಂದಕ್ಕೆ ಸರಿಯುವ ಕಂಬಗಳ ಸಾಲು, ನಡುವೆ ಶೂನ್ಯಸಿಂಹಾಸನದ ಮೇಲೆ ಅಲ್ಲಮಪ್ರಭು. ರವಿವರ್ಮನು ೧೮೯೪ರಲ್ಲಿ ಮುಂಬಯಿಯಲ್ಲಿ ಸ್ಥಾಪಿಸಿದ ಶಿಲಾಮುದ್ರಣಾಲಯವು ದೇವರ ಪಟಗಳನ್ನು ಮನೆಮನೆಗೆ ಮುಟ್ಟಿಸಿದಂದಿನಿಂದ ಯೂರೋಪಿನ ಈ ಆಳದ ಮಂಟಪವು ಈ ನಾಡಿನ ಗೋಡೆಗಳಿಗೂ ಪರಿಚಿತವಾಗಿದೆ. ಶರಣರ ಮಂಟಪವನ್ನು ಈ ಕ್ರಮದಲ್ಲಿ ಬರೆಯಹೊರಟವನಿಗೆ ಕೂಡಲೇ ಒಂದು ಇಕ್ಕಟ್ಟು ಎದುರಾಗುತ್ತದೆ. ಯಥಾದರ್ಶನದ ನಿಯಮವನ್ನು ಪಾಲಿಸಿದರೆ ಬಾಗಿಲ ಬಳಿಯ ಶರಣನು ಬೆಟ್ಟದಷ್ಟು, ತುದಿಯಲ್ಲಿ ಕುಳಿತ ಪ್ರಭು ಬೆರಳಷ್ಟು. ಪ್ರಭುವನ್ನು ದೊಡ್ಡವನಾಗಿ ಬರೆದರೆ ಕಂಬಗಳ ಲೆಕ್ಕ ತಪ್ಪುತ್ತದೆ. ಅನೇಕ ಪಟಗಳಲ್ಲಿ ಚಿತ್ರಕಾರನು ನಿಯಮವನ್ನು ಮುರಿದು ಪ್ರಭುವನ್ನೇ ದೊಡ್ಡದು ಮಾಡಿದ್ದಾನೆ, ತಲೆಯ ಹಿಂದೆ ಪ್ರಭೆಯನ್ನಿಟ್ಟಿದ್ದಾನೆ. ಚಿತ್ರಶಾಲೆಯ ಪರೀಕ್ಷಕನು ಇದಕ್ಕೆ ಅಂಕ ಕೊಡಲಾರ. ಆದರೆ ಆ ತಪ್ಪಿನಲ್ಲಿ ವಿಚಾರವಿದೆ: ನೋಡುವವನಿಗೆ ಹತ್ತಿರವಾದುದೇ ದೊಡ್ಡದೆಂಬ ನಿಯಮವನ್ನು ಶರಣರ ಮಂಟಪಕ್ಕೆ ಹಚ್ಚಲು ಆ ಸಾಮಾನ್ಯ ಚಿತ್ರಕಾರನ ಕೈ ಒಪ್ಪಲಿಲ್ಲ.

ಆ ಪಟದಲ್ಲಿ ಇನ್ನೊಂದು ಚಮತ್ಕಾರವೂ ಅಡಗಿದೆ. ಕಂಬಗಳ ರೇಖೆಗಳೆಲ್ಲ ಹೋಗಿ ಕೂಡುವ ಬಿಂದುವಿನಲ್ಲಿ ಏನೂ ಇರುವುದಿಲ್ಲ. ರೇಖಾಗಣಿತದ ಪ್ರಕಾರ ಅದು ಅನಂತ ದೂರದ ಸ್ಥಾನ. ಅಲ್ಲಿಗೆ ಮುಟ್ಟುವ ಹೊತ್ತಿಗೆ ಸಮಸ್ತ ವಸ್ತುವೂ ಅಳತೆಯನ್ನು ಕಳೆದುಕೊಳ್ಳುತ್ತದೆ. ಆ ಇಲ್ಲದ ಬಿಂದುವಿನಿಂದಲೇ ಚಿತ್ರದ ಒಂದೊಂದು ಕಂಬವೂ ತನ್ನ ಸ್ಥಾನವನ್ನು ಪಡೆಯುತ್ತದೆ. ಅದರ ಮುಂದೆ ಶೂನ್ಯಸಿಂಹಾಸನವನ್ನು ಇಟ್ಟಿರುವುದು ಚಿತ್ರಕಾರನು ಬಲ್ಲಂತೆಯೋ ಅರಿಯದೆಯೋ ಆದ ಕಾರ್ಯ. ಹೇಗಾದರೂ ಅದು ಸೊಗಸಾದ ಯೋಗ. ಆದರೆ ಈ ಮಾತನ್ನು ಎಳೆದು ಬೆಳೆಸಬಾರದು. ಅಂಗೈಯಲ್ಲಿ ಇಷ್ಟಲಿಂಗವನ್ನಿಟ್ಟು ದೃಷ್ಟಿಯನ್ನು ನಿಲ್ಲಿಸುವವನಿಗೆ ಕಂಬದ ಸಾಲಿನ ಸಹಾಯ ಬೇಕಾಗಿಲ್ಲ. ಔರಾದದ ಅಮರೇಶ್ವರನ ಮುಂದೆ ನಿಂತ ಒಕ್ಕಲಿಗನೂ ಮುಖವಿಲ್ಲದ ಲಿಂಗವನ್ನು ಕಂಡು ಮುಖವೆಲ್ಲಿ ಎಂದು ಕೇಳುವುದಿಲ್ಲ.

ಯೂರೋಪಿನವರಲ್ಲಿಯೂ ಈ ಸರಳತೆಗೆ ಹಂಬಲಿಸಿದವನೊಬ್ಬನಿದ್ದನು. ಹಾಲೆಂಡಿನ ರೆಂಬ್ರಾಂಟನು ಮೊಗಲ ಚಿತ್ರಗಳನ್ನು ನೋಡಿ ಮಾಡಿಕೊಂಡ ಪ್ರತಿಗಳು ಇಪ್ಪತ್ತಕ್ಕೂ ಮಿಕ್ಕಿ ಉಳಿದಿವೆ. ಅವುಗಳಲ್ಲೊಂದರಲ್ಲಿ ಮರದ ಕೆಳಗೆ ನಾಲ್ವರು ಹಿರಿಯರು ನೆಲದ ಮೇಲೆ ಕುಳಿತಿದ್ದಾರೆ. ೧೬೫೬ರಲ್ಲಿ ಅವನು ಅಬ್ರಹಾಮನು ದೇವದೂತರಿಗೆ ಆತಿಥ್ಯ ಮಾಡಿದ ಕಥೆಯನ್ನು ತಾಮ್ರದ ಮೇಲೆ ಬರೆದಾಗ, ಅತಿಥಿಗಳನ್ನು ಇದೇ ರೀತಿಯಲ್ಲಿ ನೆಲದ ಮೇಲೆ ಕೂರಿಸಿದನು. ಆಕಾಶಕ್ಕೇರುವ ಕಂಬವಿಲ್ಲ, ಮೇಘಗಳ ಮೆಟ್ಟಲಿಲ್ಲ. ದೇವರು ಮನೆಯ ಮುಂದೆ ಊಟಕ್ಕೆ ಕುಳಿತಿದ್ದಾನೆ. ಬಿಜಾಪುರಕ್ಕೆ ಹಾರ್ಲೆಮಿನ ಚಿತ್ರಕಾರನು ಬಂದುದಕ್ಕೆ ಇದು ಪ್ರತಿದಾನವೆಂದರೆ ಸಲ್ಲುತ್ತದೆ.

ಬೀದರದ ಪೂರ್ವಕ್ಕೆ ಅಷ್ಟೂರಿನಲ್ಲಿ ಬಹಮನಿ ಅಹಮದಶಾಹ ವಲಿಯ ಗೋರಿಯಿದೆ. ರಾಜಧಾನಿಯನ್ನು ಕಲಬುರ್ಗಿಯಿಂದ ಬೀದರಕ್ಕೆ ತಂದವನು ಈತನೇ, ೧೪೩೬ರಲ್ಲಿ ತೀರಿಕೊಂಡನು. ಅದರ ಗುಮ್ಮಟವು ಬಟ್ಟೆಯದಲ್ಲ, ಗಾರೆಕಲ್ಲಿನದು. ಒಳಮೈಯಲ್ಲಿ ಕೆಂಪು, ನೀಲಿ, ಸುವರ್ಣಗಳ ಹಿನ್ನೆಲೆಯಲ್ಲಿ ಬಳ್ಳಿಗಳೂ ಅಕ್ಷರಗಳೂ ಸುತ್ತುಸುತ್ತಾಗಿ ಮೇಲೇರುತ್ತವೆ. ಮನುಷ್ಯನ ಮುಖವೊಂದೂ ಇಲ್ಲ. ಇಲ್ಲದ ಆಳವನ್ನು ನಟಿಸುವ ರೇಖೆಯೂ ಇಲ್ಲ. ಇರುವ ಆಳದ ಮೇಲೆಯೇ ಗೆರೆ ಹರಿದಿದೆ. ಬೀದರ ಪಟ್ಟಣದ ಮಹಮೂದ ಗಾವಾನನ ಮದರಸೆಯಲ್ಲಿ, ೧೪೭೨ರ ಕಟ್ಟಡದ ಮುಖದಲ್ಲಿ ಅಳಿದುಳಿದ ಹೆಂಚಿನ ಅಕ್ಷರಗಳೂ ಹೀಗೆಯೇ ಗೋಡೆಯನ್ನು ಗೋಡೆಯಾಗಿಯೇ ಬಿಟ್ಟಿವೆ. ಅಷ್ಟೂರಿನ ಉರುಸು ಚಾಂದ್ರಮಾನದ ಪಂಚಾಂಗವನ್ನನುಸರಿಸಿ ಹೋಳಿಯ ಅನಂತರ ನಡೆಯುತ್ತದೆ. ಕಲಬುರ್ಗಿ ಸೀಮೆಯ ಮಾಡಿಯಾಳದಿಂದ ಜಂಗಮರು ಪರಿವಾರದೊಡನೆ ನಡೆದು ಬರುತ್ತಾರೆ. ಕೆಲವರು ಆ ಸುಲ್ತಾನನನ್ನು ವಲಿಯೆಂದೂ, ಕೆಲವರು ಅಲ್ಲಮಪ್ರಭುವೆಂದೂ ನಂಬಿ ತೆಂಗಿನಕಾಯಿ ಒಡೆಯುತ್ತಾರೆ, ಫಾತಿಹಾ ಓದುತ್ತಾರೆ. ಆ ಮಬ್ಬುಗತ್ತಲೆಯಲ್ಲಿ ಬಾಗಿಲ ಬಳಿ ಒಬ್ಬರು, ಗೋರಿಯ ತಲೆದೆಸೆಯಲ್ಲಿ ಒಬ್ಬರು, ಗೋಡೆಗೊರಗಿ ಕೂಸಿಗೆ ಹಾಲೂಡುವ ತಾಯಿ ಒಬ್ಬಳು, ಹೀಗೆ ತೋಚಿದಲ್ಲಿ ನಿಂತು ಜನ ಕತ್ತೆತ್ತಿ ನೋಡುತ್ತಾರೆ. ನೆಲದಲ್ಲಿ ಬಿಲ್ಲೆಯೇನೂ ಇಲ್ಲ.